ದೋಣಿ ನೀರಿಗಿಳಿಯಿತು, ಅಡಿಕೆಯೂ ಮಾರಿಯಾಯಿತು: ಎಲ್ಲರಿಗೂ ವಂದನೆ

ತುಮರಿ, ಬ್ಯಾಕೋಡು, ಸಾಗರ, ಶಿವಮೊಗ್ಗದ ಬಂಧುಗಳಿಗೆ, ಸ್ನೇಹಿತರಿಗೆ ನಮಸ್ಕಾರ.

ನಮ್ಮ ಹಾಯಿದೋಣಿ ಮಲೇಷ್ಯಾದ ಲಂಕಾವಿಯಲ್ಲಿ ಮತ್ತೆ ನೀರಿಗಿಳಿದಿದೆ. ಚುಕ್ಕಾಣಿ ಎರಡು ಬೆರಳಲ್ಲಿ ತಿರುಗುತ್ತದೆ, ಒಳಗೆ ಎಲ್ಲೂ ಒಂದು ಹನಿ ನೀರಿಲ್ಲ. ಅತ್ತ ಊರಿನಲ್ಲಿ ನಮ್ಮ ತೋಟದ ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಾರಿಯೂ ಆಗಿದೆ. ಒಂದೇ ಚಳಿಗಾಲದಲ್ಲಿ ಈ ಎರಡೂ ಮುಗಿದದ್ದು ನಮ್ಮಿಬ್ಬರ ಸಾಮರ್ಥ್ಯದಿಂದಂತೂ ಅಲ್ಲ. ಯಾರಿಂದ ಅನ್ನುವುದನ್ನು ಎಲ್ಲರೆದುರು ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದರೆ "ಅದೆಂತ ದೊಡ್ಡ ವಿಷಯ, ಬಿಡೇ" ಅಂತ ಮಾತು ತಿರುಗಿಸುತ್ತೀರಿ, ಗೊತ್ತು.

ವಿಷಯ ತಿಳಿಯದವರಿಗೆ ಒಂಚೂರು ಹೇಳುತ್ತೇನೆ. ಇವರು, ಅಂದರೆ ನಮ್ಮ ಮನೆಯವರು, ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಉಳಿಸಿದ ದುಡ್ಡಿನಲ್ಲಿ ಎಲ್ಲರೂ ಶಿವಮೊಗ್ಗದಲ್ಲಿ ಸೈಟು ತಗೊಂಡರೆ ನಾವು 1980ರ ದಶಕದ ಒಂದು 36 ಅಡಿ ಫೈಬರ್ ದೋಣಿ ತಗೊಂಡೆವು. ವರ್ಷದ ಕೆಲವು ತಿಂಗಳು ಅದರಲ್ಲಿ, ಮಿಕ್ಕಿದ್ದು ತೋಟದಲ್ಲಿ. ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಹಾಗೆ ಊರಿನಲ್ಲಿ ಅದಕ್ಕೂ ಲಾಂಚು ಅಂತಲೇ ಹೆಸರು. 2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ದೊಡ್ಡಪ್ಪ, "ಸೇತುವೆ ಆಯ್ತಲ್ಲ, ಇನ್ನು ನಿಂದೂ ಲಾಂಚು ಗುಜರಿಗೆ ಹಾಕು ಮಾರಾಯ್ತಿ" ಅಂದಿದ್ದರು. ದೊಡ್ಡಪ್ಪ, ಇನ್ನೂ ಹಾಕಿಲ್ಲ.

ಸಮುದ್ರದಲ್ಲಿರುವ ದೋಣಿಯನ್ನು ಒಂದೆರಡು ವರ್ಷಕ್ಕೊಮ್ಮೆ ದಡಕ್ಕೆ ಎತ್ತಿಸಲೇಬೇಕು. ತಳಕ್ಕೆ ಪಾಚಿ, ಚಿಪ್ಪು ಹತ್ತುತ್ತದೆ, ವೇಗ ಇಳಿಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ನೀರಿನಡಿಯ ಲೋಹಗಳ ಬದಲಿಗೆ ತಾನೇ ಸವೆಯಲಿ ಅಂತ ಕಟ್ಟಿರುವ ಸತುವಿನ ಗಟ್ಟಿಗಳನ್ನು ಬದಲಾಯಿಸಬೇಕು. ಲಂಕಾವಿಯಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ ಕಡಿಮೆ, ಬಣ್ಣ ಬಳಿಯಲು ಒಳ್ಳೆ ಕಾಲ. 1987ರಿಂದ ಅದು ಸುಂಕವಿಲ್ಲದ ದ್ವೀಪವೂ ಹೌದು, ಹಾಗಾಗಿ ಬಣ್ಣ, ಬಿಡಿಭಾಗ ಸ್ವಲ್ಪ ಅಗ್ಗ. ಆದರೆ ಆ ತಿಂಗಳುಗಳೇ ನಮ್ಮಲ್ಲಿ ಕೊಯ್ಲಿನ ತಿಂಗಳುಗಳು. ಎರಡು ವಾರದಲ್ಲಿ ಮುಗಿಸಿ ಅಡಿಕೆ ಕೊನೆ (ಗೊನೆ) ಕೊಯ್ಯುವ ಹೊತ್ತಿಗೆ ಮನೆ ಸೇರುತ್ತೇವೆ ಅಂತ ಹೊರಟವರು ನಾವು.

ಮೊದಲ ವಂದನೆ ಲಿಫ್ಟ್ ನಡೆಸುವ ಪಾಕ್‌ಚಿಕ್‌ಗೆ. ಅಲ್ಲಿ ಹಿರಿಯರನ್ನು ಎಲ್ಲರೂ ಕರೆಯುವುದು ಹಾಗೆ, ನಮ್ಮ ಚಿಕ್ಕಪ್ಪ ಅನ್ನುವ ಲೆಕ್ಕ. ಟ್ರಾವೆಲ್ ಲಿಫ್ಟ್ ಅಂದರೆ ಚಕ್ರದ ಮೇಲೆ ನಡೆಯುವ ದೊಡ್ಡ ಕಬ್ಬಿಣದ ಚೌಕಟ್ಟು. ಅದರಿಂದ ಇಳಿಬಿಟ್ಟ ಎರಡು ಅಗಲ ಬೆಲ್ಟು ದೋಣಿಯ ಹೊಟ್ಟೆಯಡಿ ಹಾದು ಅದನ್ನು ಎತ್ತುತ್ತವೆ. ಬೆಲ್ಟು ಪ್ರೊಪೆಲ್ಲರಿನ ಶಾಫ್ಟಿಗೆ ಒತ್ತಿಕೊಂಡರೆ ಶಾಫ್ಟ್ ಬಾಗುತ್ತದೆ. ಪಾಕ್‌ಚಿಕ್ ದೋಣಿಯ ನಕ್ಷೆ ತರಿಸಿಕೊಂಡು, ಬೆಲ್ಟು ಎಲ್ಲಿ ಬರಬೇಕೋ ಅಲ್ಲಿ ಅಂಚಿನ ಮೇಲೆ ಕೆಂಪು ಟೇಪು ಹಚ್ಚಿ, ಒಮ್ಮೆ ಒಂದಡಿ ಎತ್ತಿ, ಸಮಾಧಾನವಾಗದೆ ಇಳಿಸಿ, ಮತ್ತೆ ಎತ್ತಿದರು. ಹಿಂದೆ ಎರಡು ದೋಣಿ ಕಾಯುತ್ತಿದ್ದವು, ಅವರು ಆ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಗ್ಗೆ ಚುಕ್ಕಾಣಿಯ ಕೆಳತುದಿಯಿಂದ ಕಂದು ನೀರು ಹನಿಯುವುದನ್ನು ಕಂಡವರು ದೋಣಿ ರಿಪೇರಿಯ ಯಾರ್ಡಿನ ಫೋರ್‌ಮನ್. ಮಲೇಷ್ಯಾದ ಕೆಡಾ ರಾಜ್ಯದ ರಬ್ಬರ್ ಎಸ್ಟೇಟಿನಲ್ಲಿ ಹುಟ್ಟಿ ಬೆಳೆದ ತಮಿಳರು. ಭದ್ರಾವತಿಯಲ್ಲಿ ಓದುವಾಗ ಪೇಪರ್ ಟೌನಿನ ಗೆಳತಿಯರಿಂದ ಕಲಿತ ನನ್ನ ಹರುಕು ತಮಿಳು ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. ಅವರು ಸಣ್ಣ ಸುತ್ತಿಗೆ ತಂದು, ಹಲಸಿನ ಹಣ್ಣು ಬಲಿತಿದೆಯೋ ಅಂತ ತಟ್ಟಿ ನೋಡುವಂತೆ ಚುಕ್ಕಾಣಿಯನ್ನು ಮೇಲಿನಿಂದ ಕೆಳಗೆ ಸಾಲಾಗಿ ತಟ್ಟುತ್ತ ಬಂದರು. ಟಣ್ ಅನ್ನುತ್ತಿದ್ದದ್ದು ಮಧ್ಯಕ್ಕೆ ಬರುವಾಗ ಡಬ್ ಅನ್ನತೊಡಗಿತು. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದ ಗುರುತು. ನೋಡನೋಡುತ್ತ ಅರ್ಧ ಚುಕ್ಕಾಣಿ ಬೆಳ್ಳಗಾಯಿತು.

ಬೇರೊಬ್ಬ ಗುತ್ತಿಗೆದಾರರು, "ತಳಕ್ಕೆ ತೂತು ಹೊಡೆದು ನೀರು ಬಸಿದು ಪುಟ್ಟಿ ಹಚ್ಚೋಣ, ಎರಡೇ ದಿನ" ಅಂದಿದ್ದರು. ನಮಗೂ ಆಸೆಯಾಗಿತ್ತು, ಮನೆಯಲ್ಲಿ ಅಡಿಕೆ ಕಾಯುತ್ತಿದೆಯಲ್ಲ. ಫೋರ್‌ಮನ್ ಮಾತ್ರ ತೆರೆದು ನೋಡದೆ ಇಳಿಸಲು ಒಪ್ಪಲಿಲ್ಲ. ಬಿಲ್ಲು ಬೆಳೆಸುವ ಉಪಾಯವೇನೋ ಅಂತ ಸಂಶಯ ಬಂದದ್ದೂ ನಿಜ. ಅದನ್ನು ಮುಖದಲ್ಲೇ ಓದಿಕೊಂಡರೋ ಏನೋ, "ನೀವೇ ಕೊಯ್ಯಿರಿ, ನಾನು ನಿಂತು ತೋರಿಸುತ್ತೇನೆ, ಅದಕ್ಕೆ ದುಡ್ಡು ಬೇಡ" ಅಂದರು.

ತೆರೆದೆವು. ಚುಕ್ಕಾಣಿಯೊಳಗೆ ಒಂದು ಸ್ಟೇನ್‌ಲೆಸ್ ಸ್ಟೀಲ್ ಕಂಬ, ಅದಕ್ಕೆ ಬೆಸುಗೆ ಹಾಕಿದ ಮೂರು ಪಟ್ಟಿಗಳು, ಸುತ್ತ ಫೋಮು, ಹೊರಗೆ ಫೈಬರ್. ಮೂರರಲ್ಲಿ ಎರಡು ಪಟ್ಟಿಗಳ ಬೆಸುಗೆ ಬಿಟ್ಟಿತ್ತು. ಒಂದಂತೂ ಕೈಗೇ ಬಂತು. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದ್ದು ಅಂತ ನಾವು ತಿಳಿದಿರುತ್ತೇವೆ. ಅದರ ಮೇಲಿನ ತೆಳು ಕ್ರೋಮಿಯಂ ಆಕ್ಸೈಡ್ ಪದರವೇ ಅದನ್ನು ಕಾಯುವುದು, ಆ ಪದರ ಉಳಿಯಲು ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಪದರ ಹೋಗಿ, ಸ್ಟೀಲು ಹೊರಗೆ ಕಾಣದಂತೆ ಒಳಗೊಳಗೇ ತಿಂದುಹೋಗುತ್ತದೆ. ಆ ಮೂರನೇ ಪಟ್ಟಿಯೂ ನಡುನೀರಿನಲ್ಲಿ ಬಿಟ್ಟಿದ್ದರೆ ಕಂಬ ತಿರುಗುತ್ತಿತ್ತು, ಹಲಗೆ ತಿರುಗುತ್ತಿರಲಿಲ್ಲ. ನೌಕಾಪಡೆಯ ಆರು ಮಹಿಳೆಯರು ಜಗತ್ತು ಸುತ್ತಿದ ಹಾಯಿದೋಣಿ ತಾರಿಣಿಯೇ 2018ರ ಜನವರಿಯಲ್ಲಿ ಚುಕ್ಕಾಣಿ ವ್ಯವಸ್ಥೆ ಕೆಟ್ಟು ಮಾರಿಷಸ್‌ಗೆ ಹೋಗಿ ನಿಲ್ಲಬೇಕಾಗಿತ್ತು. ಅವರ ಬೆನ್ನಿಗೆ ನೌಕಾಪಡೆ ಇತ್ತು. ನಮ್ಮ ಬೆನ್ನಿಗೆ ಇದ್ದದ್ದು ಸುತ್ತಿಗೆ ಹಿಡಿದ ಈ ಫೋರ್‌ಮನ್ ಒಬ್ಬರೇ.

ಅದೇ ವಾರ ಅವರೇ ಇನ್ನೊಂದನ್ನೂ ಹಿಡಿದರು. ದೋಣಿಯ ತಳದ ತೂತುಗಳಿಗೆ ಕೂರಿಸುವ ವಾಲ್ವ್‌ಗಳು ಉಪ್ಪುನೀರು ತಡೆಯುವ ಕಂಚಿನಂಥವು ಇರಬೇಕು. ನಮ್ಮದರಲ್ಲಿ ಒಂದನ್ನು ಚಾಕುವಿನಿಂದ ಕೆರೆದಾಗ ಹಳದಿಯ ಬದಲು ಗುಲಾಬಿ ಬಣ್ಣ ಕಂಡಿತು. ಅದು ಹಿತ್ತಾಳೆ. ಹಿತ್ತಾಳೆಯಲ್ಲಿರುವ ಸತು ಸಮುದ್ರದ ನೀರಿಗೆ ಕರಗಿಹೋದರೆ ಉಳಿಯುವುದು ಪೊಳ್ಳು ತಾಮ್ರ. ನಮ್ಮ ಮನೆಯವರು ಸುಮ್ಮನೆ ಪಾನಾ ಹಾಕಿ ತಿರುಗಿಸಿದರು, ಹಿಡಿ ಮುರಿದು ಕೈಯಲ್ಲೇ ಉಳಿಯಿತು. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈಗ ಶಿವಮೊಗ್ಗಕ್ಕೆ ಬರುತ್ತೇನೆ. ಚುಕ್ಕಾಣಿಯ ಕಂಬ ತಿರುಗುವ ಬಳೆಯಂಥ ಬುಷ್ ನೈಲಾನಿನದ್ದು, ನೀರು ಕುಡಿದು ಊದಿ ಬಿಗಿಯಾಗಿತ್ತು. ಹೊಸದು ಯುರೋಪಿನಿಂದ ಬರಬೇಕು, ಎಷ್ಟು ವಾರವೋ ಹೇಳಲಾಗದು ಅಂದರು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ನಮ್ಮ ಲೇತ್ ಅಣ್ಣನಿಗೆ ಅಳತೆ ಬರೆದು ವಾಟ್ಸಾಪ್ ಮಾಡಿದೆವು. ಅವರು ಸಮುದ್ರದ ದೋಣಿ ಕಂಡವರಲ್ಲ. ತೋಟದ ಪಂಪು, ರೈಸ್ ಮಿಲ್ಲಿನ ಕೆಲಸವೇ ಹೆಚ್ಚು. ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ್ಲೂ ನೀರಲ್ಲೇ ಇರ್ತದಾ? ಹಾಗಾದ್ರೆ ನೈಲಾನ್ ಬೇಡ ಸಾರ್, ಡೆಲ್ರಿನ್ ಪ್ಲಾಸ್ಟಿಕ್ ಹಾಕಣ, ಅದು ಊದಲ್ಲ." ಫೋರ್‌ಮನ್ ಹೇಳಿದ್ದೂ ಅದನ್ನೇ. ಕಂಬಕ್ಕೂ ಬುಷ್‌ಗೂ ನಡುವೆ ಬಿಡಬೇಕಾದ ಕೂದಲೆಳೆಯಷ್ಟು ಜಾಗವನ್ನು ಬಿಟ್ಟು ತಿರುಗಿಸಿ, ಹಳೇ ಪ್ರಜಾವಾಣಿಯಲ್ಲಿ ಸುತ್ತಿ ಕೊಟ್ಟರು. ಕೌಲಾಲಂಪುರಕ್ಕೆ ಹೊರಟಿದ್ದ ಚಿಕ್ಕಮ್ಮನ ಮಗ ಬ್ಯಾಗಿನಲ್ಲಿಟ್ಟುಕೊಂಡು ಬಂದು, ಅಲ್ಲಿಂದ ಕೊರಿಯರ್ ಮಾಡಿದ. ಲಂಕಾವಿಯಲ್ಲಿ ಅದನ್ನು ಕೂರಿಸಿದಾಗ ಕಾಗದದಷ್ಟೂ ಕೆರೆಯಬೇಕಾಗಲಿಲ್ಲ. ಫೋರ್‌ಮನ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇದು ಯಾವ ಕಂಪನಿಯದ್ದು ಅಂತ ಕೇಳಿದರು. ಅಣ್ಣ, ನಿಮ್ಮ ಅಂಗಡಿಯ ಬೋರ್ಡಿನ ಫೋಟೊ ತೋರಿಸಿದ್ದೇನೆ.

ಸಾಗರದ ನಮ್ಮ ಬ್ಯಾಂಕಿನ ಮೇಡಂಗೂ ವಂದನೆ. ಹೊರದೇಶಕ್ಕೆ ದುಡ್ಡು ಕಳಿಸುವ ಎ2 ಫಾರಂನಲ್ಲಿ ಉದ್ದೇಶ ಬರೆಯಬೇಕು. ಹಾಯಿದೋಣಿಯ ಚುಕ್ಕಾಣಿ ರಿಪೇರಿಗೆ ಯಾವ ಕೋಡು ಅಂತ ಹುಡುಕಿ, ಮೇಲಿನವರಿಗೆ ಅರ್ಥ ಮಾಡಿಸಿ, ಹೊತ್ತು ಮೀರಿದ ಮೇಲೂ ಕೂತು ಕಳಿಸಿದರು.

ಇನ್ನು ತೋಟದ ಮಾತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಕೆಂಪಡಿಕೆ ಮಾಡುವವರಿಗೆ ಗೊತ್ತು, ಕಾಯಿ ಹಸಿರಿರುವಾಗಲೇ ಕೊನೆ ಇಳಿಯಬೇಕು. ತಡವಾದರೆ ಹಣ್ಣಾಗಿ ಗೋಟು (ಹಣ್ಣಡಿಕೆ) ಆಗುತ್ತದೆ, ರಾಶಿ ಇಡಿ ಅನ್ನುವ ಕೆಂಪಡಿಕೆಯ ಬೆಲೆ ಬರುವುದಿಲ್ಲ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲೇ ಕಡಿಮೆ, ಇದ್ದದ್ದನ್ನೂ ಹಣ್ಣು ಮಾಡಿಕೊಂಡರೆ ಉಳಿಯುವುದೇನು? ಮರ ಹತ್ತಿ ಕೊನೆ ಇಳಿಸುವ ಕೊನೆಗಾರರು ಸಿಗುವುದೇ ಅಪರೂಪ. ಅಂಥದ್ದರಲ್ಲಿ ಮೇಲಿನ ಮನೆ ಭಾವ ತಮಗೆ ಗೊತ್ತು ಮಾಡಿಕೊಂಡಿದ್ದ ಕೊನೆಗಾರರನ್ನು ಮೊದಲು ನಮ್ಮ ತೋಟಕ್ಕೆ ಕಳಿಸಿದರು, "ನಮ್ದು ಇನ್ನೂ ಒಂದು ವಾರ ತಡೀತದೆ" ಅಂತ. ತಡೆಯಲಿಲ್ಲ. ಅವರ ಕೆಳಗಿನ ಪಟ್ಟಿಯ ಅಡಿಕೆ ಹಣ್ಣಾದದ್ದು ನನಗೆ ಆಮೇಲೆ ಅತ್ತಿಗೆಯಿಂದ ತಿಳಿಯಿತು. ಭಾವ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಸುಲಿಯಲು ಸ್ವಸಹಾಯ ಸಂಘದ ಅಕ್ಕಂದಿರು ಬಂದರು. ಹಗಲು ತಮ್ಮ ಮನೆಯದ್ದು, ಕತ್ತಲಾದ ಮೇಲೆ ನಮ್ಮದು. ಮೆಟ್ಟುಗತ್ತಿ ಸಾಲಾಗಿಟ್ಟು ಕೂತ ಅವರ ವಿಡಿಯೊ ಅತ್ತಿಗೆ ಕಳಿಸುತ್ತಿದ್ದರು. ನಾನು ಏಣಿ ಹತ್ತಿ ದೋಣಿಯೊಳಗೆ ಫ್ಯಾನಿಲ್ಲದೆ ಬೆವರುತ್ತ ಕೂತು ಅದನ್ನೇ ನೋಡುತ್ತಿದ್ದೆ. ಬೇಯಿಸುವ ಹಂಡೆಗೆ ಹಾಕಲು ಹೋದ ವರ್ಷದ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ನಮ್ಮಲ್ಲಿ ಉಳಿದಿರಲಿಲ್ಲ, ಗೌಡರ ಮನೆಯಿಂದ ಕೊಡಪಾನದಲ್ಲಿ ಬಂತು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿದಾಗ, ಅಂಗಳದಲ್ಲಿ ಹರಡಿದ್ದ ಅಡಿಕೆಗೆ ಟಾರ್ಪಾಲು ಹೊದಿಸಲು ಶಾಲೆಯಿಂದ ಬರುತ್ತಿದ್ದ ಮಕ್ಕಳೂ ಬ್ಯಾಗ್ ಎಸೆದು ಓಡಿದರಂತೆ. ಅಡಿಕೆ ಮಾರುವ ಸಹಕಾರ ಸಂಘ ಮ್ಯಾಮ್ಕೋಸಿಗೆ ಹಾಕಿ ಬಂದ ಭಾವ ಕಳಿಸಿದ ಚೀಟಿಯ ಫೋಟೊದಲ್ಲಿ ಬಾಡಿಗೆ, ಕೂಲಿ, ಬೆಂಕಿಪೊಟ್ಟಣದವರೆಗೆ ಲೆಕ್ಕ ಇತ್ತು. ಅವರ ಸ್ವಂತ ಕೂಲಿ ಇರಲಿಲ್ಲ.

ಯಾರ್ಡಿನ ವಾಸದ ಕಷ್ಟ ಹೇಳಿ ನಿಮ್ಮನ್ನು ಬೇಜಾರು ಮಾಡುವುದಿಲ್ಲ. ನೆಲದ ಮೇಲೆ ನಿಂತ ದೋಣಿಯಲ್ಲಿ ಪಾತ್ರೆ ತೊಳೆದ ನೀರನ್ನೂ ಬಕೆಟಿನಲ್ಲಿ ಹಿಡಿದು ಏಣಿ ಇಳಿಯಬೇಕು, ಅಷ್ಟು ಹೇಳಿದರೆ ಸಾಕು. ಪಕ್ಕದ ದೋಣಿಯವರು ರಾತ್ರಿಗೆ ಫ್ಯಾನು ಕೊಟ್ಟರು. ಪಾಕ್‌ಚಿಕ್ ಮನೆಯಿಂದ ಶುಕ್ರವಾರ ಶುಕ್ರವಾರ ಮೀನಿಲ್ಲದ ನಾಸಿ ಲೆಮಾಕ್ (ತೆಂಗಿನ ಹಾಲಿನ ಅನ್ನ) ಬರುತ್ತಿತ್ತು, ನಮಗೆ ಅಂತಲೇ ಮಾಡಿಸಿದ್ದು. ಅದಕ್ಕೆ ಪ್ರತಿಯಾಗಿ ನನ್ನಲ್ಲಿ ಇದ್ದದ್ದು ಅಪ್ಪೆಮಿಡಿ ಉಪ್ಪಿನಕಾಯಿ. ಅವರ ಹೆಂಡತಿ ಮೊದಲ ಮಿಡಿ ಕಚ್ಚಿ ಕಣ್ಣು ಮುಚ್ಚಿಕೊಂಡರು. ಮರುವಾರ ಖಾಲಿ ಡಬ್ಬಿ ತೊಳೆದು ಕಳಿಸಿ, ಇನ್ನೂ ಇದೆಯಾ ಅಂತ ಕೇಳಿಸಿದರು.

ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ. ತಾಮ್ರ ನಿಧಾನವಾಗಿ ನೀರಿಗೆ ಬಿಡುತ್ತಿದ್ದರೆ ಚಿಪ್ಪುಜೀವಿಗಳು ಅಂಟುವುದಿಲ್ಲ. ಮುಂಚೆ ತವರದ ಸಂಯುಕ್ತ ಬೆರೆಸುತ್ತಿದ್ದರು. ಅದು ಕಡಲ ಬಸವನಹುಳುಗಳ ಸಂತಾನವನ್ನೇ ಕೆಡಿಸುತ್ತದೆ ಅಂತ 2008ರಿಂದ ಅಂತರರಾಷ್ಟ್ರೀಯ ಒಪ್ಪಂದದಡಿ ನಿಷೇಧವಾಗಿದೆ. ನಾವು ಕೊಳೆರೋಗಕ್ಕೆ 100 ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ ಕಲಸಿ ಅಡಿಕೆ ಕೊನೆಗೆ ಹೊಡೆಯುವುದನ್ನು ಫೋರ್‌ಮನ್‌ಗೆ ವಿವರಿಸಿದೆ. ಅಲ್ಲಿ ಶಿಲೀಂಧ್ರ, ಇಲ್ಲಿ ಚಿಪ್ಪು, ಎರಡಕ್ಕೂ ಮದ್ದು ತಾಮ್ರವೇ. ಅವರು ಬಣ್ಣದ ಡಬ್ಬಿ ಕೈಗೆ ಕೊಟ್ಟು, "ಹಾಗಾದರೆ ಇದು ನಿಮಗೆ ಕಲಿಸಬೇಕಾಗಿಲ್ಲ" ಅಂದರು. ಆದರೂ ಡಬ್ಬಿಯ ತಳಕ್ಕೆ ಇಳಿದ ತಾಮ್ರವನ್ನು ನಾನು ಸರಿಯಾಗಿ ಕಲಕುತ್ತಿಲ್ಲ ಅಂತ ಮೂರು ಸಲ ಬೈದರು.

ದೋಣಿಯನ್ನು ಆಧಾರ ಕೊಟ್ಟು ನಿಲ್ಲಿಸಿದ್ದ ಜಾಗಗಳಿಗೆ ಮಾತ್ರ ಬಣ್ಣ ಹತ್ತಿರುವುದಿಲ್ಲ. ಎತ್ತಿ ಬೆಲ್ಟಿನಲ್ಲಿ ತೂಗಿಸಿದಾಗಲೇ ಅಲ್ಲಿ ಕೆರೆದು ಬಳಿಯಬೇಕು. ಸಾಮಾನ್ಯವಾಗಿ ಅದಕ್ಕೆ ಸಿಗುವುದು ಒಂದೆರಡು ಗಂಟೆ, ಬಣ್ಣ ಆರುವ ಮೊದಲೇ ನೀರು. ಪಾಕ್‌ಚಿಕ್ ನಮ್ಮದನ್ನು ದಿನದ ಕೊನೆಯ ಕೆಲಸವಾಗಿ ಎತ್ತಿ, ಇಡೀ ರಾತ್ರಿ ಹಾಗೇ ತೂಗಲು ಬಿಟ್ಟು, ಬೆಳಗಿನ ಭರತಕ್ಕೆ ಇಳಿಸಿದರು. ಬಿಲ್ಲಿನಲ್ಲಿ ಅದಕ್ಕೆ ಸಾಲೇ ಇರಲಿಲ್ಲ. ಕೇಳಿದ್ದಕ್ಕೆ ಬೇರೆ ಕಡೆ ನೋಡುತ್ತ, ಲಿಫ್ಟಿನ ಕೀಲಿ ಕಳೆದಿತ್ತು ಅಂದರು.

ದೋಣಿಯನ್ನು ಮರೀನಾದಲ್ಲಿ ಕಟ್ಟಿ ನಾವು ಮೇ ಕೊನೆಗೆ ಊರಿಗೆ ಬರುತ್ತೇವೆ. ಮೊದಲ ಔಷಧಿ ಹೊಡೆಯುವ ಹೊತ್ತಿಗೆ ಇಬ್ಬರೂ ಅಲ್ಲಿರುತ್ತೇವೆ. ಇವರಿಗೆ ಔಷಧಿ ಹೊಡೆಯುವ ಉದ್ದ ಕೋಲು, ದೋಟಿ, ಹಿಡಿಯಲು ಬರುತ್ತದೆ, ನಾನು ಸುಣ್ಣ ಸೋಸಿ ಕಲಸುತ್ತೇನೆ. ನಮ್ಮ ಮುಯ್ಯಾಳು (ಕೆಲಸಕ್ಕೆ ಪ್ರತಿ ಕೆಲಸ) ಮೊದಲು ಭಾವನ ತೋಟಕ್ಕೆ, ಆಮೇಲೆ ಗೌಡರಲ್ಲಿಗೆ, ಅಲ್ಲಿಂದ ಮುಂದೆ ಯಾರ ಮನೆಗೆ ಅಂತ ನೀವೇ ಮಾತಾಡಿಕೊಂಡು ಅತ್ತಿಗೆಗೆ ತಿಳಿಸಿ. ಇನ್ನೊಂದು ವಿಷಯ: ಈ ಸಲ ಜೀರಿಗೆ ಪರಿಮಳದ ಮಿಡಿ ಯಾರ ಮನೆಯಲ್ಲಿ ಹಾಕಿದ್ದೀರಿ? ಲಂಕಾವಿಗೆ ಒಂದು ದೊಡ್ಡ ಭರಣಿ ಕಳಿಸಬೇಕು. ಇದಕ್ಕಾದರೂ ದುಡ್ಡು ತಗೊಳ್ಳಿ.