ಆಟದ ಪೀರಿಯಡ್‌ನ ಪಠ್ಯಕ್ರಮ ಯಾರದು?

ಮಾನ್ಯ ಸಂಪಾದಕರೇ,

ಆರೋಗ್ಯ ಮತ್ತು ದೈಹಿಕ ಶಿಕ್ಷಣವು ಹತ್ತನೇ ತರಗತಿಯವರೆಗೆ ಕಡ್ಡಾಯ ವಿಷಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. 2023ರ ಚೌಕಟ್ಟೂ ಅದಕ್ಕೆ ಸ್ವತಂತ್ರ ವಿಷಯದ ಸ್ಥಾನವನ್ನೇ ಕೊಟ್ಟಿದೆ. ಆದರೆ ಮೈದಾನದಲ್ಲಿ ಮಕ್ಕಳು ಏನನ್ನು ಕಲಿಯುತ್ತಾರೆ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಪಿ.ಟಿ. ಮಾಸ್ತರರ ತಿಳಿವಳಿಕೆ ಮತ್ತು ನಂಬಿಕೆಯೇ ಎಂಬುದನ್ನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಹತ್ತಿರದಿಂದ ಕಂಡಿದ್ದೇನೆ.

ಮೊದಲಿದ್ದ ಮಾಸ್ತರರು ಒಳ್ಳೆಯ ವಾಲಿಬಾಲ್ ಆಟಗಾರರು. ತಾಲ್ಲೂಕು ಕ್ರೀಡಾಕೂಟದಲ್ಲಿ ಗೆಲ್ಲುವುದೇ ತಮ್ಮ ಕೆಲಸವೆಂದು ಪ್ರಾಮಾಣಿಕವಾಗಿ ನಂಬಿದ್ದರು. ಹೀಗಾಗಿ ಸುಣ್ಣದ ಗೆರೆಯೊಳಗೆ ಹನ್ನೆರಡು ಹುಡುಗರು ಆಡಿದರೆ, ಉಳಿದವರು ಬೇವಿನ ಮರದ ನೆರಳಲ್ಲಿ ಕೂರುತ್ತಿದ್ದರು; ಹುಡುಗಿಯೊಬ್ಬಳು ವರ್ಷವಿಡೀ ಸ್ಕೋರು ಬರೆದದ್ದಷ್ಟೇ. ಅವರ ವರ್ಗಾವಣೆಯ ನಂತರ ಬಂದವರು ಅದೇ ಅಂಗಳದಲ್ಲಿ, ಅದೇ ಎರಡು ಚೆಂಡುಗಳಿಂದ, ತರಗತಿಯನ್ನು ಸಣ್ಣ ಗುಂಪುಗಳಾಗಿ ಮಾಡಿ, ನೆಟ್ಟನ್ನು ಎದೆಮಟ್ಟಕ್ಕೆ ಇಳಿಸಿ, ಚೆಂಡು ಒಮ್ಮೆ ನೆಲಕ್ಕೆ ಪುಟಿದರೂ ನಡೆಯುತ್ತದೆ ಎಂದರು. ಚೆಂಡು ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದ ಮಕ್ಕಳೂ ತಿಂಗಳೊಳಗೆ ಸರ್ವಿಸ್ ಮಾಡತೊಡಗಿದರು. ಆ ವರ್ಷ ಶಾಲೆಗೆ ಕಪ್ ಬರಲಿಲ್ಲವೆಂದು ಊರಿನ ಕೆಲವರು ಗೊಣಗಿದ್ದೂ ಉಂಟು.

ವಿಷಯವನ್ನು ತಿಳಿದಿರುವುದು ಬೇರೆ, ಅದನ್ನು ಕಲಿಯುವವರಿಗೆ ದಕ್ಕುವಂತೆ ಮಾಡುವ ಅರಿವು ಬೇರೆ ಎಂಬ ವ್ಯತ್ಯಾಸವನ್ನು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲೇ ಗುರುತಿಸಿದ್ದರು. ಪಿ.ಟಿ. ಮಾಸ್ತರರಿಗೆ ನಡೆಯುವ ನಮ್ಮ ತರಬೇತಿಗಳಲ್ಲಿ ಈ ಎರಡನೆಯ ಅರಿವಿಗೆ ಜಾಗವೇ ಕಡಿಮೆ. ಅಂಕಣದ ಅಳತೆ, ಆಟದ ನಿಯಮ, ದಾಖಲೆ ಪುಸ್ತಕಗಳ ನಿರ್ವಹಣೆ ಇಷ್ಟರಲ್ಲೇ ದಿನ ಮುಗಿಯುತ್ತದೆ. ‘ನಿಮ್ಮ ಪ್ರಕಾರ ಈ ಪೀರಿಯಡ್ ಯಾರಿಗಾಗಿ ಇದೆ’ ಎಂದು ಮಾಸ್ತರರನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ, ತಾವು ವಿದ್ಯಾರ್ಥಿಯಾಗಿದ್ದಾಗ ಕಂಡದ್ದನ್ನೇ ಅವರು ಮುಂದುವರಿಸುತ್ತಾರೆ. ಇದರಲ್ಲಿ ಅವರ ತಪ್ಪೂ ಹೆಚ್ಚಿಲ್ಲ.

ಆದ್ದರಿಂದ ಕಲಬುರಗಿ ವಿಭಾಗದಲ್ಲಾದರೂ ಈ ತರಬೇತಿಗಳನ್ನು ಸಭಾಂಗಣದ ಫ್ಯಾನಿನ ಕೆಳಗೆ ಮುಗಿಸದೆ, ಶಾಲೆಯ ಮೈದಾನದಲ್ಲಿ, ಆಡಲು ಹಿಂಜರಿಯುವ ಮಕ್ಕಳ ಜೊತೆಯಲ್ಲೇ ನಡೆಸಬೇಕೆಂದು ಶಿಕ್ಷಣ ಇಲಾಖೆಯನ್ನು ವಿನಂತಿಸುತ್ತೇನೆ. ಮುಖ್ಯ ಗುರುಗಳನ್ನೂ ಅಲ್ಲಿಗೆ ಕರೆಯಬೇಕು. ಜನವರಿ ಬಂತೆಂದರೆ ಹತ್ತನೇ ತರಗತಿಯ ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ತೀರ್ಮಾನ ಅವರದೇ. ಗಣಿತ ಮಾಸ್ತರನಾಗಿದ್ದ ನಾನೂ ಅಂಥ ಪೀರಿಯಡ್‌ಗಳನ್ನು ಕೇಳಿ ಪಡೆದವನೇ.

– ನಿವೃತ್ತ ಶಿಕ್ಷಕ, ಶಹಾಪುರ, ಯಾದಗಿರಿ ಜಿಲ್ಲೆ