ಉಳುಕಿದ ಮಂಡಿಗೆ ಬಿಸಿ ಎಣ್ಣೆ ಬೇಡ

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿ 50 ದಾಟಿದವರೂ ಕರಾಟೆ ತರಗತಿಗೆ ಬರುತ್ತಿರುವುದು ಸಂತೋಷದ ವಿಷಯ. ಆದರೆ ಅವರ ಮಂಡಿನೋವಿಗೆ ವಯಸ್ಸನ್ನಷ್ಟೇ ದೂರುವುದು ಸರಿಯಲ್ಲ. ಮವಾಶಿ ಗೇರಿ (ಕಾಲನ್ನು ಪಕ್ಕದಿಂದ ಸುತ್ತಿ ಬೀಸುವ ಒದೆತ) ಒದೆಯುವಾಗ ನೆಲಕ್ಕೂರಿದ ಕಾಲಿನ ಹಿಮ್ಮಡಿ ಗುರಿಯತ್ತ ತಿರುಗಬೇಕು. ಪಾದ ಅಲ್ಲೇ ಕಚ್ಚಿಕೊಂಡು ಸೊಂಟ ಮಾತ್ರ ತಿರುಗಿದರೆ ತಿರುಚುವ ಒತ್ತಡವೆಲ್ಲ ಮಂಡಿಗೆ ಬೀಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಥಂಡಿ ಹಿಡಿದ ಮ್ಯಾಟ್ ಮೇಲೆ ಬರಿಗಾಲು ಒಮ್ಮೆ ಅಂಟುತ್ತದೆ, ಒಮ್ಮೆ ಜಾರುತ್ತದೆ. ಒಣಬಟ್ಟೆಯಲ್ಲಿ ಒರೆಸದೆ ಅಭ್ಯಾಸ ಶುರು ಮಾಡಲೇಬಾರದು. ಮೈ ಬೆಚ್ಚಗಾಗಲು ಹಿರಿಯರಿಗೆ 15 ನಿಮಿಷವಾದರೂ ಬೇಕು.

ಉಳುಕಿದ ಕೂಡಲೇ ಬಿಸಿ ಎಣ್ಣೆ ಹಾಕಿ ತಿಕ್ಕುವುದು ನಮ್ಮ ಕಡೆ ರೂಢಿ. ದಯವಿಟ್ಟು ಬೇಡ. ಮೊದಲ 48 ಗಂಟೆಯೊಳಗೆ ತಿಕ್ಕಿದರೆ ಬಾವು ಹೆಚ್ಚುತ್ತದೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ದಿಂಬಿನ ಮೇಲೆತ್ತಿ ಇಡಿ. ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಮಾಡಿಸಿ. 55 ದಾಟಿದವರ ಮಂಡಿಗೆ ಪೆಟ್ಟಾದರೆ ನಡೆಯಲು ಬಂದರೂ ಮಾಡಿಸಿ.

ತರಗತಿಗೆ ಮರಳಿ ಬಂದಾಗ ಮೊದಲು ನಿಧಾನವಾಗಿ ಕಟಾ (ಎದುರಾಳಿ ಇಲ್ಲದೆ ಮಾಡುವ ಕ್ರಮಬದ್ಧ ಚಲನೆಗಳು), ಆಮೇಲೆ ಸೊಂಟಕ್ಕಿಂತ ಕೆಳಗಿನ ಒದೆತ, ಕುಮಿತೆ (ಎದುರಾಳಿಯೊಂದಿಗಿನ ಸೆಣಸು) ಕಟ್ಟಕಡೆಗೆ. ಮಾರನೆಯ ಬೆಳಿಗ್ಗೆ ಮಂಡಿ ಊದಿದ್ದರೆ ಒಂದು ಹಂತ ಹಿಂದಕ್ಕೆ ಹೋಗಬೇಕು. ತರಗತಿ ನಡೆಸುವವರು ಟೈಲ್ಸ್ ನೆಲದ ಮೇಲೆ ಹಿರಿಯರನ್ನು ಜಿಗಿಸುವುದನ್ನಂತೂ ಇಂದೇ ನಿಲ್ಲಿಸಲಿ.

– ಕರಾಟೆ ಅಭ್ಯಾಸಿಗಳು, ಶಿವಮೊಗ್ಗ