ಒಂಟಿ ಮಾಡುವ ಕ್ರಿಯಾಪದ

ಪ್ರಿಯ ಗೆಳೆಯಾ,

ಗ್ರೀಕ್ ಕಲಿಕೆ ಎಲ್ಲಿಗೆ ಬಂತು ಎಂದು ಕೇಳಿದ್ದೆಯಲ್ಲ, ಮೂರು ವಾರದಿಂದ ಒಂದೇ ಕ್ರಿಯಾಪದದ ಬಳಿ ನಿಂತಿದ್ದೇನೆ. ಉಳಿದ ಗೆಳೆಯರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಆ ಪದ ‘ಮೊನೊಓ’. ಒಬ್ಬನೇ ಎಂಬರ್ಥದ ‘ಮೊನೊಸ್’‌ನಿಂದ ಹುಟ್ಟಿದ ಇದರ ಅರ್ಥ ಒಂಟಿಯಾಗಿರು ಎಂದಲ್ಲ, ಒಂಟಿ ಮಾಡು ಎಂದು. ಹೋಮರನ ‘ಒಡಿಸ್ಸಿ’ ಮಹಾಕಾವ್ಯದ 16ನೆಯ ಸರ್ಗದಲ್ಲಿ ನಾಯಕ ಒಡಿಸ್ಯೂಸನ ಮಗ ಟೆಲಿಮಾಕಸ್, ತಲೆಮಾರಿಗೆ ಒಬ್ಬನೇ ಮಗನನ್ನು ಕೊಟ್ಟು ದೇವರಾಜ ಜ್ಯೂಸ್ ನಮ್ಮ ವಂಶವನ್ನು ಒಂಟಿ ಮಾಡಿದ ಎನ್ನುತ್ತಾನೆ. ಹೋಮರನದೇ ‘ಇಲಿಯಡ್’‌ನ 11ನೆಯ ಸರ್ಗದಲ್ಲಿ, ಟ್ರಾಯ್ ಸೈನಿಕರ ನಡುವೆ ಸಿಕ್ಕಿಬಿದ್ದ ಒಡಿಸ್ಯೂಸನ ಕೂಗು ಕೇಳಿದ ಜೊತೆಗಾರ ಮೆನೆಲಾಸ್, ‘ಮೊನೋಥೇಯ್ಸ್’, ಒಂಟಿಯಾಗಿಬಿಟ್ಟವನಿಗೆ ಏನಾದೀತೋ ಎಂದು ಹೆದರುತ್ತಾನೆ. ಅದು ಆ ಗಳಿಗೆಯಲ್ಲಿ ಆದದ್ದು. ಓಡಿಹೋದರೆ ಬಿಡಿಸಬಹುದು, ಬಿಡಿಸಿಯೂ ತರುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಕ್ರಿಯಾಪದದ ಇನ್ನೊಂದು ರೂಪ, ‘ಮೆಮೊನೋಮೆನೇ’. ಸಂಸ್ಕೃತದ ದದರ್ಶ (ನೋಡಿದನು), ಪಪಾತ (ಬಿದ್ದನು)ಗಳಂತೆ ಇಲ್ಲಿಯೂ ಧಾತುವಿನ ಮೊದಲ ವ್ಯಂಜನ ಎರಡು ಸಲ ಬರುತ್ತದೆ. ಎಂದೋ ಒಂಟಿಯಾಗಿ ಇಂದಿಗೂ ಹಾಗೆಯೇ ಉಳಿದವಳು ಎಂದರ್ಥ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಬರುವುದು ಒಮ್ಮೆ ಮಾತ್ರ, ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯದಲ್ಲಿ, ವಿಧವೆಯ ಬಗ್ಗೆ. ಹಿಂದಿನ ವಚನದಲ್ಲಿ, ಮಕ್ಕಳು ಮೊಮ್ಮಕ್ಕಳಿದ್ದರೆ ಅವರೇ ನೋಡಿಕೊಳ್ಳಲಿ ಎಂದಿದೆ. ಅಂದರೆ ಮಕ್ಕಳಿರುವವಳಿಗೆ ಈ ಪದ ಸಲ್ಲದು.

ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮ ಒಣಗಿದ ಸೀರೆ ಮಡಿಸುತ್ತಿದ್ದಳು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಗಂಟು ಹಾಕಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು, ಜಗ್ಗಿ ಸುಕ್ಕು ಬಿಡಿಸುತ್ತಿದ್ದಳು. ಆ ತುದಿಯನ್ನು ಆರು ವರ್ಷದ ಹಿಂದಿನವರೆಗೂ ಅಪ್ಪ ಹಿಡಿಯುತ್ತಿದ್ದರು, ಅದಕ್ಕೂ ಮುಂಚೆ ಶಾಲೆಯಿಂದ ಬಂದ ನಾನು.

ಅಪ್ಪ ಹೋದ ಮೇಲೆ ಅಮ್ಮ ಒಂಟಿಯಾದಳು ಎಂದು ನಾನೇ ಎಷ್ಟು ಸಲ ಹೇಳಿದ್ದೇನೆ! ಆ ವಾಕ್ಯದಲ್ಲಿ ಒಂಟಿ ಮಾಡಿದವರು ಯಾರೂ ಇಲ್ಲ. ಗ್ರೀಕಿನದು ಕರ್ಮಣಿ ರೂಪ. ಕರ್ತೃವನ್ನು ಹೆಸರಿಸದಿದ್ದರೂ ಅವನು ಎಲ್ಲೋ ಇದ್ದಾನೆ. ನಿನ್ನ ಜೊತೆ ಬಂದಿರಲೇ ಎಂದು ಅಮ್ಮ ಒಮ್ಮೆ ಕೇಳಿದ್ದಳು. ಅಲ್ಲಿ ನಿನಗೆ ಒಗ್ಗುವುದಿಲ್ಲ ಎಂದೆ. ಒಗ್ಗದಿದ್ದದ್ದು ನನಗೆ, ಗೆಳೆಯಾ.

ಇಷ್ಟನ್ನು ಬರೆಯಬೇಕೆಂದು ಕೂತಿರಲಿಲ್ಲ, ಬರೆದಾಯಿತು. ನೀನು ಹಬ್ಬಕ್ಕೆ ಬರುವಾಗ ಆ ಕೊಡೆಯನ್ನು ಮರೆಯದೆ ತಾ, ಪೋಸ್ಟ್‌ಮಾಸ್ಟರ್ ಇನ್ನೂ ಕೇಳುತ್ತಿದ್ದಾರಂತೆ. ನಾನು ಈ ಶನಿವಾರವೇ ರಾತ್ರಿ ಬಸ್ಸಿಗೆ ಹೊರಡುತ್ತಿದ್ದೇನೆ.

ನಿನ್ನ,
ಹಿಂದಿನ ಬೆಂಚಿನವನು